ಹೊಲಿದ ಹಡಗು, ಬೆಸೆದ ಹಡಗು

ಅಂಕೋಲೆಯ ನಮ್ಮ ಕಡಲದಂಡೆಯಲ್ಲಿ ರಂಪಣಿ ದೋಣಿಗೆ ಮೊಳೆ ಹೊಡೆಯುತ್ತಿರಲಿಲ್ಲ, ಹೊಲಿಯುತ್ತಿದ್ದರು. ಹಲಗೆಗಳ ಅಂಚಿಗೆ ಸಾಲಾಗಿ ತೂತು ಕೊರೆದು, ನಡುವೆ ತೆಂಗಿನ ನಾರು ತುರುಕಿ, ಕತ್ತದ ಹಗ್ಗವನ್ನು ಇಬ್ಬರು ಎರಡು ಕಡೆಯಿಂದ ಜಗ್ಗಿ ಬಿಗಿಯುವರು. ಮೇಲೆ ಮೀನೆಣ್ಣೆ ಬಳಿಯುವರು. ಆ ವಾಸನೆ ಅಂಗಿಗೆ ಹತ್ತಿದರೆ ವಾರವಾದರೂ ಹೋಗದು. ಹೊಲಿಯುತ್ತಿದ್ದ ಮುದುಕರೊಬ್ಬರನ್ನು ಮೊಳೆ ಯಾಕಿಲ್ಲವೆಂದು ಕೇಳಿದ್ದೆ. "ದಡಕ್ಕೆ ಅಪ್ಪಳಿಸಿದ್ರೆ ಮೊಳೆ ಹೊಡೆದದ್ದು ಬಿರೀತದೆ, ಹೊಲಿದದ್ದು ಬಗ್ತದೆ ತಮ್ಮಾ" ಅಂದಿದ್ದರು. ಬಂದರಿಲ್ಲದ ಊರಲ್ಲಿ ದೋಣಿ ದಿನವೂ ತೆರೆ ಸೀಳಿ ಹೋಗಬೇಕು, ಮರಳಿನ ಮೇಲೇ ಬಂದು ಬೀಳಬೇಕು.

ಆ ದೋಣಿ ಬಲೆಯನ್ನು ಅರ್ಧಚಂದ್ರಾಕಾರದಲ್ಲಿ ಬಿಟ್ಟು ಬಂದರೆ ದಡದಲ್ಲಿ ಊರಿಗೆ ಊರೇ ನಿಂತು ಎಳೆಯುತ್ತಿತ್ತು. ಬಂಗಡೆ, ತಾರ್ಲೆ ಎಲ್ಲರಿಗೂ ಪಾಲು. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನಿನ ಹಿಂಡು ದಡ ಸೇರುವ ಮೊದಲೇ ನಡುನೀರಲ್ಲಿ ಸುತ್ತುಗಟ್ಟಿ ಹಿಡಿದವು. ಜಗಳಗಳಾದವು. ಕೆಲವೇ ವರ್ಷಗಳಲ್ಲಿ ರಂಪಣಿ ದೋಣಿಗಳು ತೆಂಗಿನ ತೋಟದ ಬದಿಯಲ್ಲಿ ಕವುಚಿ ಬಿದ್ದವು. ಕೆಲವು ಬಚ್ಚಲ ಒಲೆಗೂ ಹೋದವು. ಎಂಜಿನ್ನಿನ ಬೋಟಿಗೆ ಗಟ್ಟಿ ಅಡ್ಡಪಟ್ಟಿ, ಬೋಲ್ಟು ಬೇಕು. ಆಮೇಲೆ ಫೈಬರ್ ಬಂತು, ಉಕ್ಕು ಬಂತು. ಹೊಲಿಯುವವರನ್ನು ಯಾರೂ ಕರೆಯಲಿಲ್ಲ.

ಮಗ ಔರಂಗಾಬಾದ್ ಹತ್ತಿರದ ವಾಳೂಜಿನ ಕಾರ್ಖಾನೆಯಲ್ಲಿದ್ದಾಗ (ಊರಿಗಿನ್ನೂ ಛತ್ರಪತಿ ಸಂಭಾಜಿನಗರವೆಂಬ ಹೆಸರು ಬಂದಿರಲಿಲ್ಲ) ಅಜಂತಾಕ್ಕೆ ಕರೆದೊಯ್ದ. ಎರಡನೆಯ ಗುಹೆಯ ಮಬ್ಬು ಬೆಳಕಿನಲ್ಲಿ ಮೂರು ಪಟಸ್ತಂಭದ ಒಂದು ಹಡಗಿನ ಚಿತ್ರ ಕಂಡಿತು. ಮೂತಿಯ ಮೇಲೆ ಕಣ್ಣು, ಒಳಗೆ ಸಾಲು ಮಡಕೆ. ಸಮುದ್ರದಿಂದ ಇಷ್ಟು ದೂರದ ಕಲ್ಲುಗುಡ್ಡದಲ್ಲಿ ಹಡಗೇಕೆ ಅನಿಸಿತು. ಆದರೆ ನಾಸಿಕದ ತ್ರ್ಯಂಬಕದಲ್ಲಿ ಹುಟ್ಟುವ ಗೋದಾವರಿ ಇದೇ ಜಿಲ್ಲೆಯ ಪೈಠಣವನ್ನು ಹಾದು ಹೋಗುತ್ತದೆ. ಶಾತವಾಹನರ ಆ ರಾಜಧಾನಿಯಿಂದ ಸರಕು ಗಾಡಿಗಳಲ್ಲಿ ಭರೂಚ್ ಬಂದರಿಗೆ ಹೋಗುತ್ತಿತ್ತೆಂದು ಸುಮಾರು 2000 ವರ್ಷ ಹಿಂದಿನ ಗ್ರೀಕ್ ನಾವಿಕನ ಬರಹ ಹೇಳುತ್ತದೆ. ಯಜ್ಞಶ್ರೀ ಶಾತಕರ್ಣಿ ನಾಣ್ಯಗಳಲ್ಲೇ ಹಡಗು ಅಚ್ಚೊತ್ತಿಸಿದ್ದ. ಘಟ್ಟದ ಮೇಲಿನವರಿಗೂ ಕಡಲು ದೂರವಿರಲಿಲ್ಲ.

ಅದೇ ಚಿತ್ರ ನೋಡಿ ಹಡಗು ಕಟ್ಟುತ್ತಾರೆಂದು ನಾನು ಎಣಿಸಿರಲಿಲ್ಲ. 2023ರ ಜುಲೈಯಲ್ಲಿ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವೆಯ ಹೋಡಿ ಇನ್ನೊವೇಶನ್ಸ್ ಒಪ್ಪಂದ ಮಾಡಿಕೊಂಡವು. ನಕ್ಷೆಯಿಲ್ಲ, ಬರೀ ಗೋಡೆಯ ಚಿತ್ರ. ಅದು ನೀರಲ್ಲಿ ನಿಲ್ಲುತ್ತದೋ ಇಲ್ಲವೋ ಎಂದು ಐಐಟಿ ಮದ್ರಾಸಿನವರು ಪರೀಕ್ಷಿಸಿದರು. ಹೊಲಿದದ್ದು ಕೇರಳದ ಬಾಬು ಶಂಕರನ್ ಮತ್ತು ಅವರ ತಂಡ. ನಮ್ಮ ಕರಾವಳಿಯಲ್ಲಿ ಆ ಕೈಗಳು ಉಳಿದಿದ್ದರೆ ಅಷ್ಟು ದೂರ ಹೋಗಬೇಕಿತ್ತೇ? ಹೊಟ್ಟೆಕಿಚ್ಚು ಅಂದರೂ ಸರಿ.

2025ರ ಮೇ 21ರಂದು ಅದು ಐಎನ್‌ಎಸ್‌ವಿ ಕೌಂಡಿಣ್ಯ ಎಂಬ ಹೆಸರಲ್ಲಿ ನೌಕಾಪಡೆ ಸೇರಿದ್ದು ಕಾರವಾರದಲ್ಲೇ. ಹಾಯಿಯ ಮೇಲೆ ನಮ್ಮ ಗಂಡಭೇರುಂಡ. ಅಲ್ಲಿನ ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟವರಲ್ಲಿ ಮೀನುಗಾರರು ಎಷ್ಟೋ ಮಂದಿ. ಆ ದಿನ ಅವರೂ ನನ್ನಂತೆ ಟಿವಿಯಲ್ಲೇ ನೋಡಿರಬೇಕು. ಡಿಸೆಂಬರ್ 29ಕ್ಕೆ ಹಡಗು ಪೋರಬಂದರಿನಿಂದ ಮಸ್ಕತ್ತಿಗೆ ಹೊರಟಿತು.

ಹೊಟ್ಟೆಗೆ ಅನ್ನ ಕೊಡುವ ಹಡಗುಗಳೇ ಬೇರೆ. ಮುಚ್ಚಿಹೋಗಿದ್ದ ಮಲ್ಪೆಯ ಟೆಬ್ಮಾ ಯಾರ್ಡನ್ನು ಕೊಚ್ಚಿನ್ ಶಿಪ್‌ಯಾರ್ಡ್ 2020ರಲ್ಲಿ ಕೊಂಡಿತು. ಈಗಿನ ಹೆಸರು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. 2023ರಲ್ಲಿ ನಾರ್ವೆಯ ವಿಲ್ಸನ್ ಕಂಪನಿ ತಲಾ 3800 ಟನ್ನಿನ ಆರು ಸರಕು ಹಡಗುಗಳಿಗೆ ಆರ್ಡರ್ ಕೊಟ್ಟಿತು. ಲೋಕದ ಹಡಗು ನಿರ್ಮಾಣದಲ್ಲಿ ಭಾರತದ ಪಾಲು ಶೇ. 1ಕ್ಕಿಂತ ಕಡಿಮೆ, ಬಹುಪಾಲು ಚೀನಾ, ಕೊರಿಯಾ, ಜಪಾನಿನದು. ಆ ಪಾಲು ಹೆಚ್ಚಿಸಲೆಂದೇ ಕೇಂದ್ರ 2025ರ ಸೆಪ್ಟೆಂಬರಿನಲ್ಲಿ 69,725 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಅದರಲ್ಲಿ ಮಲ್ಪೆಯಂಥ ಸಣ್ಣ ಯಾರ್ಡುಗಳಿಗೆ ಎಷ್ಟು ಇಳಿಯುತ್ತದೆಂಬುದರ ಮೇಲೆ ನನ್ನ ಕಣ್ಣು.

ನಮ್ಮ ನೆರೆಮನೆಯ ಹುಡುಗ ಐಟಿಐ ಮುಗಿಸಿ ಒಂದು ಯಾರ್ಡಿನಲ್ಲಿ ವೆಲ್ಡರ್ ಆಗಿದ್ದಾನೆ. ಅವನ ಅಜ್ಜ ರಂಪಣಿ ಎಳೆದವರು. ಕಳೆದ ಸಲ ಬಂದಾಗ ಮೊಬೈಲಿನಲ್ಲಿ ಕೌಂಡಿಣ್ಯದ ಚಿತ್ರ ತೋರಿಸಿ, ನಿನ್ನ ಅಜ್ಜನ ದೋಣಿಯೂ ಹೀಗೇ ಹೊಲಿದದ್ದು ಅಂದೆ. ಎರಡು ಬೆರಳಲ್ಲಿ ಹಿಗ್ಗಿಸಿ ಹೊಲಿಗೆಯನ್ನೇ ನೋಡುತ್ತಾ, "ಇದಕ್ಕೆ ದಿನಕ್ಕೆ ಎಷ್ಟು ಕೊಡ್ತಾರೆ, ಅಜ್ಜ?" ಎಂದ.