ಬಣ್ಣ ಬರಲಿ ಎಂದು

ನಮ್ಮಜ್ಜಿಯ ಸೌಂದರ್ಯಸಾಧನಗಳೆಲ್ಲ ಅಡುಗೆಮನೆಯ ಡಬ್ಬಿಗಳಲ್ಲೇ ಇದ್ದವು. ಎಣ್ಣೆಸ್ನಾನದ ದಿನ ಹರಳೆಣ್ಣೆ ತಿಕ್ಕಿ, ತಲೆಗೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು ಉಜ್ಜಿದರೆ ಮುಗಿಯಿತು. ಮೊಡವೆಗೆ ಸಾಣೆಕಲ್ಲಿನ ಮೇಲೆ ತೇಯ್ದ ಗಂಧ, ಒಡೆದ ತುಟಿಗೆ ಬೆಣ್ಣೆ. ಮೈಸೂರು ಸ್ಯಾಂಡಲ್ ಸೋಪು ಮನೆಯಲ್ಲಿದ್ದರೂ ನೆಂಟರು ಬಂದಾಗಲೇ ಅದಕ್ಕೆ ಬಚ್ಚಲಿನ ಯೋಗ. ಅಮ್ಮನ ಕಾಲಕ್ಕೆ ಗೋಡೆಯ ಗೂಡಿನಲ್ಲಿ ಸ್ನೋ, ಪೌಡರ್ ಬಂದು ಕೂತವು. 1975ರಲ್ಲಿ ಫೇರ್ ಅಂಡ್ ಲವ್ಲಿ ಬಂದ ಮೇಲಂತೂ ಬಿಳುಪು ಎನ್ನುವುದು ಟ್ಯೂಬಿನಲ್ಲಿ ಕೊಳ್ಳುವ ಸಾಮಾನಾಯಿತು.

ನಾನು ಕಪ್ಪು. ಗಂಡಿನ ಕಡೆಯವರು ನೋಡಲು ಬರುತ್ತಾರೆಂದು ಗೊತ್ತಾದಾಗ ಅಮ್ಮ ಒಂದು ತಿಂಗಳು ಹಾಲಿನ ಕೆನೆಯಲ್ಲಿ ಅರಿಶಿನ, ಕಡಲೆಹಿಟ್ಟು ಕಲಸಿ ಹಚ್ಚಿದಳು. "ಸ್ವಲ್ಪ ಬಣ್ಣ ಬರಲಿ ಕಣೇ" ಎನ್ನುವಾಗ ಅವಳ ದನಿಯಲ್ಲಿದ್ದದ್ದು ಬೇಸರವಲ್ಲ, ಹೆದರಿಕೆ. ಬಣ್ಣ ಬರಲಿಲ್ಲ, ದಿಂಬಿನ ಚೀಲ ಮಾತ್ರ ಹಳದಿಯಾಯಿತು.

ಈಗ ಮಗಳ ಮೇಜಿನ ಮೇಲೆ ಔಷಧಿ ಅಂಗಡಿಯಂತೆ ಸಣ್ಣ ಸಣ್ಣ ಸೀಸೆಗಳು. "ಇದು ನಿಯಾಸಿನಮೈಡ್ ಅಮ್ಮಾ, ಬಿ3 ವಿಟಮಿನ್ನು. ಇದು ಸನ್‌ಸ್ಕ್ರೀನ್" ಎಂದು ನನಗೇ ಪಾಠ ಹೇಳುತ್ತಾಳೆ. ಒಳಗೇನಿದೆ ಎಂದು ಓದಿ ಕೊಳ್ಳುವ ಈ ಬುದ್ಧಿ ನನಗೆ ಮೆಚ್ಚುಗೆಯೇ. 2020ರಲ್ಲಿ ಫೇರ್ ಅಂಡ್ ಲವ್ಲಿ ಕೂಡ 'ಫೇರ್' ಬಿಟ್ಟು 'ಗ್ಲೋ' ಆಯಿತಲ್ಲ, ಕಾಲ ಬದಲಾಯಿತು ಎಂದುಕೊಂಡೆ.

ಹಾಗೆಂದುಕೊಂಡದ್ದು ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೆನ್ನೆಯೆಲ್ಲ ಕೆಂಪಾಗಿ, ಉರಿ ಎಂದು ಅಳುತ್ತ ಬರುವವರೆಗೆ ಮಾತ್ರ. ಯಾರೋ ಹೇಳಿದರೆಂದು ಯಾವುದೋ ಮುಲಾಮು ತಂದು ಆರು ತಿಂಗಳು ಹಚ್ಚಿದ್ದಳಂತೆ. ಅವಳ ತಾಯಿಯ ಜೊತೆ ನಾನೂ ಚರ್ಮದ ಡಾಕ್ಟರ ಹತ್ತಿರ ಹೋದೆ. ಅದರಲ್ಲಿದ್ದದ್ದು ಸ್ಟೀರಾಯ್ಡ್. ಇಸುಬಿನಂಥ ರೋಗಕ್ಕೆ ವೈದ್ಯರು ಲೆಕ್ಕವಿಟ್ಟು ಕೊಡುವ ಮದ್ದು ಅದು. ಮುಖಕ್ಕೆ ದಿನವೂ ಹಚ್ಚಿದರೆ ಮೊದಲು ಬಣ್ಣ ತಿಳಿಯಾದಂತೆ ಕಾಣುತ್ತದೆ. ಬರಬರುತ್ತ ಚರ್ಮ ತೆಳುವಾಗಿ ಮೊಡವೆ, ಕೂದಲು ಏಳುತ್ತವೆ. ತಟ್ಟನೆ ಬಿಟ್ಟರೆ ಉರಿ ಇನ್ನೂ ಹೆಚ್ಚು.

"ಯಾಕೆ ಮರಿ ಹೀಗೆ ಮಾಡಿಕೊಂಡೆ?" ಎಂದೆ.

"ಈ ಸಲ ನಾಟಕದಲ್ಲಿ ರಾಣಿ ಪಾರ್ಟು ಸಿಗಲಿ ಅಂತ, ಮಿಸ್."

ಹಿಂದಿನ ವರ್ಷ ಪಾತ್ರ ಹಂಚಿದವಳು ನಾನೇ. ಅಷ್ಟು ಚೆನ್ನಾಗಿ ಮಾತಾಡುತ್ತಿದ್ದ ಅವಳನ್ನು ದಾಸಿ ಮಾಡಿ, ಬೆಳ್ಳಗಿದ್ದವಳ ತಲೆಗೆ ಕಿರೀಟ ಇಟ್ಟಿದ್ದೆ. ಒಂದು ಗಳಿಗೆ ಯೋಚಿಸಿಯೂ ಇರಲಿಲ್ಲ. ಅಮ್ಮನಿಗಾದರೂ ಹೆದರಿಕೆಯ ಕಾರಣವಿತ್ತು, ನನಗೇನಿತ್ತು?

ಈ ಸಲ ರಾಣಿ ಅವಳೇ. ಕೆನ್ನೆ ಇನ್ನೂ ಪೂರ್ತಿ ವಾಸಿಯಾಗಿರಲಿಲ್ಲ. ಬಣ್ಣ ಬಳಿಯುವವರು ಪೌಡರ್ ಡಬ್ಬಿ ತೆಗೆದಾಗ, "ಏನೂ ಹಚ್ಚಬೇಡಿ, ಹಾಗೇ ಇರಲಿ" ಎಂದೆ.