ಎರಡು ಸೀನಿನ ಜೋಕು

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಜೋಕಿಗೆ ಅಂಕ ಕೊಡುವುದು ಸೀನಿನ ಲೆಕ್ಕದಲ್ಲಿ. ಸಾಧಾರಣದ್ದಕ್ಕೆ ಒಂದು ಸೀನು, ಚೆನ್ನಾಗಿದ್ದರೆ ಎರಡು, ಹೊಟ್ಟೆ ಹಿಡಿದುಕೊಂಡು ನಗುವಂತಿದ್ದರೆ ನಾಲ್ಕು. ಹೊರಗಿನವರಿಗೆ ಇದರ ತಲೆಬುಡ ತಿಳಿಯುವುದಿಲ್ಲ. ಹಿಂದೂಪುರದ ಮೆಣಸಿನಕಾಯಿ ಮಂಡಿಯಲ್ಲಿ ಲೆಕ್ಕ ಬರೆಯುವ ಗೆಳೆಯನೊಬ್ಬ ನಮ್ಮಲ್ಲಿದ್ದಾನೆ. ಚೀಲ ಬಿಚ್ಚುವ ಹೊತ್ತಿನಲ್ಲಿ ಟೈಪು ಮಾಡಲು ಅವನ ಕೈಗೆ ಬಿಡುವಿರುವುದಿಲ್ಲ, ಆಡಿಯೋ ಕಳಿಸುತ್ತಾನೆ. ಅದರಲ್ಲಿ ಮಾತಿಗಿಂತ ಸೀನೇ ಹೆಚ್ಚು. ಒಂದು ದಿನ ಯಾರೋ ಅವತ್ತಿನ ರೇಟು ಕೇಳಿದರು. ಬಂದ ಆಡಿಯೋದಲ್ಲಿ ಒಂದು ಸೀನು, ಹಿಂದೆ ಹಮಾಲರ ಗದ್ದಲ, ಅಷ್ಟೇ. ಕಲ್ಯಾಣದುರ್ಗದ ಮೇಷ್ಟ್ರು ಕೂಡಲೇ ಬರೆದರು: “ಒಂದೇ ಸೀನು ಬಂತು, ಬ್ಯಾಡಗಿ ಇರ್ಬೇಕು. ಗುಂಟೂರಾಗಿದ್ರೆ ನಾಲ್ಕು ಬರ್ತಿತ್ತು.” ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ; ಗುಂಟೂರಿನದು ಖಾರಕ್ಕೇ ಹೆಸರು. ಈ ಸೀಮೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಅವತ್ತಿನಿಂದ ಸೀನು ನಮ್ಮ ಅಳತೆಗೋಲಾಯಿತು.

ಈ ಹರಟೆ ಎಂದರೆ ನನಗೆ ಪ್ರಾಣ. ಕೆಲವರು ಸಂಜೆಯಾದರೆ ಷಟಲ್ ಆಡುತ್ತಾರೆ, ಕೆಲವರು ಸಂಗೀತ ಕೇಳುತ್ತಾರೆ. ನಾನು ಊಟ ಮುಗಿಸಿ, ಜಗಲಿಗೆ ಬಂದು, ಫೋನು ತೆಗೆದು “ಏನ್ರಪ್ಪಾ, ಇವತ್ತೇನು ಸಾರು?” ಎಂದು ಬರೆಯುತ್ತೇನೆ. ಅಲ್ಲಿಂದ ಶುರು. ಆಂಧ್ರ-ಕರ್ನಾಟಕ ಗಡಿಭಾಗದ ಕನ್ನಡ ಶಾಲೆಗಳಿಗೆ ಪಠ್ಯಪುಸ್ತಕ ಬಂತೋ ಇಲ್ಲವೋ ಎಂಬ ಸುದ್ದಿ ಹಂಚಿಕೊಳ್ಳಲು ಕಟ್ಟಿದ ಗುಂಪು ಇದು. ಪುಸ್ತಕದ ಮಾತು ಜೂನ್ ತಿಂಗಳಿಗೆ ಮುಗಿಯಿತು, ಮಿಕ್ಕ ಮಾತು ಇನ್ನೂ ಮುಗಿದಿಲ್ಲ. ಮಂಡಿಯ ಗೆಳೆಯನೊಬ್ಬನನ್ನು ಬಿಟ್ಟರೆ ಮಿಕ್ಕವರ ಮುಖವನ್ನು ನಾನು ಎದುರಾಗಿ ಕಂಡದ್ದೇ ಇಲ್ಲ. ಆದರೆ ಮೇಷ್ಟ್ರಿಗೆ ಬದನೆಕಾಯಿ ಆಗದು, ಅಮರಾಪುರದ ಅಕ್ಕನ ಹೊಲಿಗೆ ಮಷೀನಿನ ಬೆಲ್ಟು ಯಾವಾಗ ಕಿತ್ತುಹೋಯಿತು, ಪಾವಗಡದ ರೈತ ಅಣ್ಣನ ಯಾವ ಬೋರು ಬತ್ತಿದೆ, ಎಲ್ಲವೂ ಗೊತ್ತು.

ನಕ್ಷೆಯಲ್ಲಿ ನೋಡಿದರೆ ನಮ್ಮ ಗುಂಪಿನ ಸ್ವಾರಸ್ಯ ಇನ್ನಷ್ಟು ತಿಳಿಯುತ್ತದೆ. ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಗೆರೆ ಎಳೆದರೆ ನಡುವೆ ಬರುವುದು ಪಾವಗಡ, ಅಂದರೆ ಕರ್ನಾಟಕ. ಪಾವಗಡ ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರವೇ. ಆಂಧ್ರದಿಂದ ಆಂಧ್ರಕ್ಕೆ ಹೋಗಲು ಕರ್ನಾಟಕ ದಾಟಬೇಕಾದ ದಾರಿ ನಮ್ಮದು. ಮೊಬೈಲಿಗೆ ರೋಮಿಂಗ್ ದುಡ್ಡು ಬೀಳುತ್ತಿದ್ದ ಕಾಲದ ಕಥೆಯೊಂದನ್ನು ಪಾವಗಡದ ಅಣ್ಣ ಹೇಳಿದ್ದರು. ಅವರೂರಿನವನೊಬ್ಬನ ಮನೆ ಗಡಿಯ ಈಚೆಗೆ, ಬಾವಿ ಆಚೆಗೆ. ಬಾವಿಯ ಹತ್ತಿರ ಹೋದರೆ ಬಂದ ಕರೆಗೂ ದುಡ್ಡು. ಹೆಂಡತಿ ಫೋನು ಮಾಡಿದರೆ ಅವನು ಎತ್ತುತ್ತಿರಲಿಲ್ಲ. ಮೋಟರು ಆರಿಸಿ, ಬದು ಹತ್ತಿಳಿದು, ಮನೆಗೆ ಬಂದು, ಬಾಗಿಲಲ್ಲಿ ನಿಂತು ಕೇಳುತ್ತಿದ್ದನಂತೆ: “ಏನೇ, ಫೋನ್ ಮಾಡಿದ್ದೆ?” ಅವಳು, “ಊಟಕ್ಕೆ ಬಾ ಅನ್ನೋಕೆ ಮಾಡ್ದೆ, ಬಂದ್ಯಲ್ಲ, ಕೂತ್ಕೋ.” ಇದಕ್ಕೆ ಮೂರು ಸೀನು ಬಿದ್ದವು. ನನ್ನನ್ನು ಕೇಳಿದರೆ ನಾಲ್ಕು ಬೀಳಬೇಕಿತ್ತು. ಹೆಂಡತಿಯ ಆ ಕೊನೆಯ ಮಾತಿನಲ್ಲಿರುವ ಜಾಣತನ ಎಲ್ಲರಿಗೂ ಕಾಣಲಿಲ್ಲ.

2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆ ಒಡೆಯಿತು. ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಆ ರಾತ್ರಿ ಮೇಷ್ಟ್ರ ಸಂದೇಶ: “ಅಣ್ಣತಮ್ಮಂದಿರ ಭಾಗ ಆಯ್ತು. ಹರಟೆ ಮಾತ್ರ ಜಂಟಿ ಖಾತೆ, ಇದನ್ನ ಯಾರೂ ಅಳತೆ ಹಾಕ್ಸಬ್ಯಾಡ್ರಿ.”

ಜೋಕು ಹೇಳುವುದನ್ನು ಒಂದು ಕಲೆ ಎಂದೇ ನಾನು ನಂಬಿದ್ದೇನೆ, ಅದನ್ನು ಟೈಪಿಸಿ ಹೇಳುವುದು ಇನ್ನೂ ಸೂಕ್ಷ್ಮ. ಎದುರಿಗೆ ಕೂತಾಗ ಹುಬ್ಬು ಇದೆ, ದನಿ ಇದೆ, ತೊಡೆ ತಟ್ಟುವ ಕೈ ಇದೆ. ಫೋನಿನಲ್ಲಿ ಇರುವುದು ಅಕ್ಷರ ಮತ್ತು ಹೊತ್ತು, ಎರಡೇ. ಮೇಷ್ಟ್ರು ಹೊತ್ತನ್ನು ಬಳಸುವ ರೀತಿಯನ್ನು ನಾನು ಎಷ್ಟೋ ಕಾಲದಿಂದ ಗಮನಿಸುತ್ತಿದ್ದೇನೆ. ಅವರು ಜೋಕನ್ನು ಜೋಕೆಂದು ತೋರಿಸುವುದೇ ಇಲ್ಲ, ಸುದ್ದಿಯಂತೆ ತರುತ್ತಾರೆ. ಅನಂತಪುರ ಸೀಮೆಯ ವರ್ಷದ ಸರಾಸರಿ ಮಳೆ 550 ಮಿಲಿಮೀಟರಿನ ಆಸುಪಾಸು. ಶೇಂಗಾ ಬಿತ್ತುವವರಿಗೆ ಮಳೆಗಿಂತ ದೊಡ್ಡ ಸುದ್ದಿ ಇಲ್ಲ. ಒಂದು ಜುಲೈ ಸಂಜೆ ಅವರು ಬರೆದರು: “ಮಳೆ ಬಂತು.” ಅಷ್ಟೇ. ಎಲ್ಲರೂ ಎದ್ದು ಕೂತೆವು. ಪಾವಗಡದ ಅಣ್ಣ, “ಎಷ್ಟು ಬಂತು ಮೇಷ್ಟ್ರೇ?” ಮೇಷ್ಟ್ರು ಟೈಪು ಮಾಡುತ್ತಿದ್ದಾರೆ ಎಂದು ಫೋನು ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಕೊನೆಗೆ: “ಎಣಿಸ್ತಾ ಇದ್ದೆ. ಹದಿನೇಳನೇ ಹನಿಗೆ ನಿಂತೋಯ್ತು.”

ಆ ನಡುವಿನ ಕಾಯುವಿಕೆಯೇ ಈ ಜೋಕಿನ ಜೀವ. ಎರಡು ಸಾಲನ್ನೂ ಒಟ್ಟಿಗೆ ಕಳಿಸಿದ್ದರೆ ಅದು ಬರಿಯ ಚುಟುಕು. “ಎಷ್ಟು ಬಂತು” ಎಂದು ಕೇಳಿದ ಪಾವಗಡದ ಅಣ್ಣನಿಗೂ ಅರ್ಧ ಪಾಲು ಸಲ್ಲಬೇಕು. ಬುರ್ರಕಥೆಯಲ್ಲಿ ಮುಖ್ಯ ಕಥೆಗಾರನ ಅಕ್ಕಪಕ್ಕ ಇಬ್ಬರು ನಿಂತಿರುತ್ತಾರಲ್ಲ, ಒಬ್ಬ ಹಾಸ್ಯಕ್ಕೆ, ಒಬ್ಬ ಊರ ರಾಜಕೀಯಕ್ಕೆ. ಕಥೆಗಾರನನ್ನು ಅಡ್ಡಗಟ್ಟಿ “ಆಮೇಲೆ?” ಎಂದು ಕೇಳುವವರಿಲ್ಲದಿದ್ದರೆ ಕಥೆಗೆ ಕಾಲೇ ಬರುವುದಿಲ್ಲ. ಸರಿಯಾದ ಕ್ಷಣದಲ್ಲಿ ಸರಿಯಾದ ಪ್ರಶ್ನೆ ಕೇಳುವ ಗೆಳೆಯ ಸಿಗುವುದು ಜೋಕು ಹೇಳುವವನ ಪುಣ್ಯ.

ನಮ್ಮಲ್ಲಿ ಮನೆಮಾತು ಕನ್ನಡವಾಗಿದ್ದೂ ಶಾಲೆಯಲ್ಲಿ ತೆಲುಗು ಓದಿದವರು ಹಲವರು. ಅವರು ಕನ್ನಡವನ್ನು ತೆಲುಗು ಅಕ್ಷರದಲ್ಲೇ ಬರೆಯುತ್ತಾರೆ. ಎರಡು ಲಿಪಿಗೂ ಮೂಲ ಒಂದೇ ಆದ್ದರಿಂದ ಓದಲು ಅಷ್ಟೇನೂ ಕಷ್ಟವಿಲ್ಲ, ಆದರೆ ತುಸು ನಿಧಾನವಾಗುತ್ತದೆ. ಹಾಗಾಗಿ ನಮ್ಮ ಗುಂಪಿನ ನಗು ಒಮ್ಮೆಗೇ ಬರುವುದಿಲ್ಲ. ಮೊದಲು ಕನ್ನಡ ಲಿಪಿಯವರು ನಗುತ್ತಾರೆ, ಎರಡು ನಿಮಿಷ ಬಿಟ್ಟು ತೆಲುಗು ಲಿಪಿಯವರು, ರಾತ್ರಿ ಪಾಳಿ ಮುಗಿಸಿ ಬೆಂಗಳೂರಿನಿಂದ ರೈಲು ಹತ್ತಿದವನು ಬೆಳಗ್ಗೆ ಗೌರಿಬಿದನೂರು ದಾಟುವಾಗ. ಹಿಂದಿನ ರಾತ್ರಿಯ ಜೋಕಿಗೆ ಬೆಳಗ್ಗೆ ಬೀಳುವ ಆ ಒಂಟಿ ಸೀನು ನನಗೆ ಬಹಳ ಇಷ್ಟ.

ಫಾರ್ವರ್ಡ್ ಜೋಕಿನ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. 2018ರಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದು ಎಂದು ಮಿತಿ ಹಾಕಿತು. 2020ರಲ್ಲಿ, ಬಹಳ ಸಲ ದಾಟಿ ಬಂದದ್ದಾದರೆ ಒಂದೇ ಕಡೆಗೆ ಎಂದು ಬಿಗಿ ಮಾಡಿತು. ಸುಳ್ಳುಸುದ್ದಿ ತಡೆಯಲು ಮಾಡಿದ ಕ್ರಮ ಅದು. ಜೋಕಿನ ದೃಷ್ಟಿಯಿಂದಲೂ ಒಳ್ಳೆಯದೇ ಆಯಿತು ಎನ್ನುತ್ತೇನೆ. ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ಜೋಕಿಗೆ ಊರಿಲ್ಲ, ಹೇಳುವವರ ದನಿಯಿಲ್ಲ. ದಿನದ ಮಾತು ಸಾರು, ಜೋಕು ಅದಕ್ಕೆ ಹಾಕುವ ಒಗ್ಗರಣೆ. ಸಾರೇ ಇಲ್ಲದೆ ಒಗ್ಗರಣೆ ಹಾಕಿದರೆ ಮನೆಯೆಲ್ಲ ಹೊಗೆ. ಮೇಷ್ಟ್ರ ಮಳೆಯ ಜೋಕು ನಮಗೆ ನಾಟಿದ್ದು ಅದಕ್ಕೆ ಮುಂಚಿನ ತಿಂಗಳಿಡೀ ನಾವು ಮೋಡದ ಫೋಟೋ ಹಾಕುತ್ತಿದ್ದುದರಿಂದ.

ಗಂಡಹೆಂಡಿರ ಹಳಸಲು ಜೋಕುಗಳನ್ನು ನಮ್ಮಲ್ಲಿ ನಿಲ್ಲಿಸಿದ್ದು ಅಮರಾಪುರದ ಅಕ್ಕ. ಯಾರೋ ಅಂಥದ್ದೊಂದನ್ನು ದಾಟಿಸಿದಾಗ ಅಕ್ಕ ಬರೆದರು: “ಹೆಂಡ್ತಿ ಮೇಲೆ ಜೋಕ್ ಹೇಳೋರು ಮೊದ್ಲು ತಮ್ಮ ತಟ್ಟೆ ತಾವೇ ತೊಳ್ದು ಫೋಟೋ ಹಾಕ್ಲಿ.” ಅರ್ಧ ಗಂಟೆ ಗುಂಪು ಗಪ್‌ಚಿಪ್. ಆಮೇಲೆ ಮಂಡಿಯ ಗೆಳೆಯ ಒಂದು ತಟ್ಟೆಯ ಫೋಟೋ ಹಾಕಿದ. ಅಕ್ಕ ಅದನ್ನು ದೊಡ್ಡದು ಮಾಡಿ ನೋಡಿ, “ಅಂಚಲ್ಲಿ ಅನ್ನದಗಳು ಇದೆ. ಜೋಕಿಗೆ ಪರ್ಮಿಷನ್ ಇಲ್ಲ” ಎಂದರು.

ಅಕ್ಕನನ್ನು ಮೇಷ್ಟ್ರು ‘ಬಂಗಾರಕ್ಕ’ ಎಂದು ಕರೆಯುತ್ತಾರೆ. ತೊಗಲುಗೊಂಬೆಯಾಟ ನೋಡಿದವರಿಗೆ ಈ ಹೆಸರು ಹೊಸದಲ್ಲ. ರಾಮಾಯಣ ನಡೆಯುತ್ತಿರುವಾಗಲೇ ಪರದೆಗೆ ನುಗ್ಗಿ ಜಗಳವಾಡುವ ಜೋಡಿಯಲ್ಲಿ ಕರ್ನಾಟಕದ ಕಡೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ, ಆಂಧ್ರದ ಕಡೆ ಜುಟ್ಟು ಪೋಲಿಗಾಡು ಮತ್ತು ಬಂಗಾರಕ್ಕ. ಗಂಡನ ಹೆಸರು ಬದಲಾದರೂ ಅವಳು ಎರಡೂ ಕಡೆ ಅವಳೇ. ಧರ್ಮಾವರದ ಹತ್ತಿರದ ನಿಮ್ಮಲಕುಂಟ ಈ ಗೊಂಬೆ ಕಲಾವಿದರ ಊರು. ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ರಾತ್ರಿಯಿಡೀ ನಡೆಯುವ ಆಟದಲ್ಲಿ ಯುದ್ಧಕ್ಕೂ ಯುದ್ಧಕ್ಕೂ ನಡುವೆ ಮನೆಯ ಜಗಳ, ಊರಿನ ಗುಟ್ಟು ಆಡಿಕೊಳ್ಳುವ ಈ ಜೋಡಿ ಇಲ್ಲದಿದ್ದರೆ ಜನ ಬೆಳಗಿನವರೆಗೆ ಕೂತಿರುತ್ತಿದ್ದರೇ? ನಿತ್ಯದ ಮಾತಿಗೆ ರಾಮಾಯಣದ ಪಕ್ಕದಲ್ಲೇ ಜಾಗ ಕೊಟ್ಟವರು ನಮ್ಮ ಹಿರಿಯರು.

ಈ ನೆಲಕ್ಕೆ ಹರಟೆಯ ವಾರಸುದಾರಿಕೆ ಇನ್ನೂ ಹಲವು ಕಡೆಯಿಂದ ಬಂದಿದೆ. ಕಲ್ಯಾಣದುರ್ಗದ ಸೀಮೆಯ ಕಂಬದೂರಿನ ಬಳಿಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಪಾಠ ಹೇಳಿದರು, ಕನ್ನಡದಲ್ಲೂ ಬರೆದರು, ಸಂಗೀತದಲ್ಲಿ ದೊಡ್ಡ ಹೆಸರು. ಅವರು ಹಾಲನ ಗಾಥಾಸಪ್ತಶತಿಯ ಪ್ರಾಕೃತ ಗಾಥೆಗಳನ್ನು ತೆಲುಗಿಗೆ ತಂದರು. ಏಳುನೂರು ಪುಟ್ಟ ಪದ್ಯಗಳ ಸಂಗ್ರಹ ಅದು. ರಾಜಸಭೆಯ ವೈಭವಕ್ಕಿಂತ ಅಲ್ಲಿ ಹೆಚ್ಚಾಗಿ ಕೇಳುವುದು ಹೊಲ ಕಾಯುವವಳು, ದಾರಿಹೋಕ, ಅತ್ತೆಯ ಕಣ್ಣು ತಪ್ಪಿಸುವ ಸೊಸೆ, ಗೆಳತಿಯ ಕಿವಿಯಲ್ಲಿ ಪಿಸುಗುಟ್ಟುವವಳು ಆಡುವ ಮಾತು. ಸಾವಿರಾರು ವರ್ಷದ ಹಿಂದಿನ ಊರಮಾತನ್ನು ಅಷ್ಟು ಪ್ರೀತಿಯಿಂದ ಆರಿಸಿಕೊಂಡ ವಿದ್ವಾಂಸ ನಮ್ಮ ಬೆಂಗಾಡಿನ ಮಗ ಎನ್ನುವುದು ನನಗೆ ಹೆಮ್ಮೆ.

ಇನ್ನೊಂದು ಕಡೆ ಪುಟ್ಟಪರ್ತಿ. 1942ರಲ್ಲಿ ಡಾಕ್ಟರ್ ಎಂ. ಶಿವರಾಂ, ಅಂದರೆ ರಾಶಿ, ಬೆಂಗಳೂರಿನಲ್ಲಿ ಶುರು ಮಾಡಿದ ‘ಕೊರವಂಜಿ’ ಪತ್ರಿಕೆಗೆ ಬರೆದು ಕನ್ನಡಿಗರನ್ನು ನಗಿಸಿದವರಲ್ಲಿ ನಾ. ಕಸ್ತೂರಿ ಮುಖ್ಯರು. ಪದಗಳಿಗೆ ತಮಾಷೆಯ ಅರ್ಥ ಕೊಡುವ ‘ಅನರ್ಥಕೋಶ’ ಅವರದೇ. ಆ ಕಸ್ತೂರಿಯವರು ಮುಂದೆ ಪುಟ್ಟಪರ್ತಿಯಲ್ಲಿ ನೆಲೆಸಿ, 1958ರಲ್ಲಿ ಆರಂಭವಾದ ‘ಸನಾತನ ಸಾರಥಿ’ ಪತ್ರಿಕೆಯ ಸಂಪಾದಕರಾದರು. ಕನ್ನಡದ ಅಷ್ಟು ದೊಡ್ಡ ನಗೆಗಾರ ಬಾಳಿದ ಊರು ಈಗ ನಮ್ಮ ಶ್ರೀ ಸತ್ಯಸಾಯಿ ಜಿಲ್ಲೆಯ ಕೇಂದ್ರ. ಅದನ್ನು ಗುಂಪಿನಲ್ಲಿ ಹೇಳಿದಾಗ ಕಿರಿಯರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ವಾರ ಎಲ್ಲರೂ ತಮ್ಮ ತಮ್ಮ ಅನರ್ಥಕೋಶ ಕಟ್ಟಿದರು.

ಲೇಪಾಕ್ಷಿಯೂ ನಮಗೆ ಒಂದು ಗಾದೆಯನ್ನು ಕೊಟ್ಟಿದೆ. ಹಿಂದೂಪುರಕ್ಕೆ ನೆಂಟರು ಬಂದರೆ ಮೊದಲು ಕರೆದುಕೊಂಡು ಹೋಗುವುದು ಅಲ್ಲಿನ ವೀರಭದ್ರ ದೇವಸ್ಥಾನಕ್ಕೆ, ನೆಲವನ್ನು ಪೂರ್ತಿ ಮುಟ್ಟದೆ ನಿಂತ ಕಂಬದ ಕೆಳಗೆ ಟವೆಲು ತೂರಿಸಿ ತೋರಿಸುವುದಕ್ಕೆ. ಮಗ ಕೆಲಸಕ್ಕೆ ಹೋಗುತ್ತಿಲ್ಲವೆಂದು ಒಬ್ಬರು ಗುಂಪಿನಲ್ಲಿ ಬೇಸರ ತೋಡಿಕೊಂಡಿದ್ದರು. ಏನು ಹೇಳಬೇಕೋ ಯಾರಿಗೂ ತೋಚಲಿಲ್ಲ. ಆಗ ಅಕ್ಕ ಬರೆದರು: “ಬಿಡಣ್ಣಾ, ನಿಮ್ಮನೇಲೂ ಒಂದು ಲೇಪಾಕ್ಷಿ ಕಂಬ. ನಿಂತೈತೆ, ಭಾರ ಹೊತ್ತಿಲ್ಲ. ಅದನ್ನ ನೋಡೋಕೂ ಜನ ಬರ್ತಾರೆ, ಕಾಯಿ.” ಅಪ್ಪನೇ ಮೊದಲು ನಕ್ಕರು. ನೊಂದವರನ್ನು ನೋಯಿಸದೆ ನಗಿಸಬಹುದಾದ ಸಲಿಗೆ ಒಂದು ದಿನದಲ್ಲಿ ಬರುವುದಿಲ್ಲ, ಎಷ್ಟೋ ರಾತ್ರಿ ಸಾರಿನ ಮಾತಾಡಿದ ಮೇಲೆ ಬರುತ್ತದೆ. ಹುಡುಗ ಈಗ ಕೆಲಸದಲ್ಲಿದ್ದಾನೆ, ಗುಂಪಿನಲ್ಲೂ ಇದ್ದಾನೆ. ತನ್ನನ್ನು ಕಂಬ ಎಂದೇ ಕರೆದುಕೊಳ್ಳುತ್ತಾನೆ.

ಪಾವಗಡದ ಅಣ್ಣ ಜಮೀನನ್ನು ತಿರುಮಣಿಯ ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟವರಲ್ಲಿ ಒಬ್ಬರು. ಸುಮಾರು 13,000 ಎಕರೆ, 2,050 ಮೆಗಾವಾಟಿನ ಪಾರ್ಕು ಅದು. ಅವರು ಬರೆದದ್ದು ನನಗೆ ಬಾಯಿಪಾಠ: “ನಮ್ಮಜ್ಜ ಬಿಸಿಲಿಗೆ ಬೈದು ಬೈದು ಸತ್ತ. ಈಗ ನಾನು ಅದೇ ಬಿಸಿಲಿಗೆ ಬಾಡಿಗೆ ಈಸ್ಕೊಂತ ಇದೀನಿ.” ನಾಲ್ಕು ಸೀನು, ಯಾರ ತಕರಾರೂ ಇಲ್ಲ.

ಈಚೆಗೆ ಅಗಳಿ ಕಡೆಯ ಹುಡುಗನೊಬ್ಬ ಸೇರಿದ್ದಾನೆ. ಬೆಂಗಳೂರಿನ ಪೀಜಿಯಲ್ಲಿ ವಾಸ. ಬಂದ ದಿನವೇ ಸಾಲುಸಾಲು ಫಾರ್ವರ್ಡ್ ಹಾಕಿದ. ಯಾರೂ ನಗಲಿಲ್ಲ, ಬೈಯಲೂ ಇಲ್ಲ. ಅಕ್ಕ ಕೇಳಿದರು, “ಊಟ ಏನಪ್ಪಾ?” “ಸಾಂಬಾರು ಅಕ್ಕಾ.” ಮಾರನೆಯ ರಾತ್ರಿ ಮತ್ತೆ, “ಇವತ್ತು?” “ನಿನ್ನೇದೇ ಅಕ್ಕಾ, ಇನ್ನಷ್ಟು ನೀರಾಗಿದೆ.” ಮೆಲ್ಲಗೆ ಫಾರ್ವರ್ಡ್ ನಿಂತವು. ವಾರ ಕಳೆಯುವಷ್ಟರಲ್ಲಿ ಅವನೇ ಮುಂದಾಗಿ ಬರೆದ: “ಎಲ್ರಿಗೂ ಒಂದು ಸುದ್ದಿ. ಇವತ್ತು ಸಾಂಬಾರಲ್ಲಿ ಬೇಳೆ ಕಾಣಿಸ್ತು. ರೂಂಮೇಟ್ಸ್ ಇಬ್ರು ನೋಡಿದಾರೆ.”

ಮೇಷ್ಟ್ರು ಟೈಪು ಮಾಡುತ್ತಿದ್ದಾರೆ ಎಂದು ಫೋನು ತೋರಿಸಿತು. ನಾವೆಲ್ಲ ಕಾದೆವು.

“ಫೋಟೋ ತೆಗೆದಿಟ್ಕೋಪ್ಪಾ. ಸಾಕ್ಷಿಗಳು ನಾಳೆ ತಿರುಗಿಬೀಳ್ತಾರೆ.”