ದೇವರ ಚಿತ್ತ, ಅವ್ವನ ಮಾತು

ನಾವು ಮನ್ಮಾಡಿಗೆ ಬಂದು ಹದಿನಾರು ವರ್ಷಗಳಾದುವು. ರೈಲ್ವೆ ಕಚೇರಿಯಲ್ಲಿ ಗುಮಾಸ್ತಿಕೆ, ಊರು ಗದಗ-ಬೆಟಗೇರಿ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಿಗೂ ಬಂದರು. ನಮ್ಮ ಹಿರಿಯರು ಆ ಕಾಲಕ್ಕೆ ಕ್ರೈಸ್ತರಾದವರು. ಇಲ್ಲಿ ನಾವು ಹೋಗುವ ದೇವಾಲಯದಲ್ಲಿ ಭಾನುವಾರದ ಆರಾಧನೆ ಮರಾಠಿಯಲ್ಲಿ. ಕರ್ತನ ಪ್ರಾರ್ಥನೆಯಲ್ಲಿ ನಾವು ‘ಚಿತ್ತ’ ಎನ್ನುವ ಕಡೆ ಅವರು ‘ಇಚ್ಛಾ’ ಎನ್ನುತ್ತಾರೆ. ಇಚ್ಛೆಯೆಂದರೆ ನಮಗೇಕೋ ಬೇಕು-ಬೇಡಗಳ ಮಾತಾಗಿ ಕೇಳಿಸುತ್ತದೆ. ಚಿತ್ತ ಅದಕ್ಕಿಂತ ಆಳದ್ದು.

ಈ ಚಿತ್ತವನ್ನು ತಿಳಿಯಬೇಕಾದ ಸಂದರ್ಭ 2023ರಲ್ಲಿ ಒದಗಿತು. ಹುಬ್ಬಳ್ಳಿಗೆ ವರ್ಗ ಬೇಡಿ ಎಂದೋ ಹಾಕಿದ್ದ ಅರ್ಜಿ ಮಂಜೂರಾಯಿತು. ಸ್ವಂತ ಕೋರಿಕೆಯ ಮೇಲೆ ಬೇರೆ ವಲಯಕ್ಕೆ ಹೋದವರು ಅಲ್ಲಿ ಜ್ಯೇಷ್ಠತಾ ಪಟ್ಟಿಯ ತಳದಲ್ಲಿ ನಿಲ್ಲಬೇಕು. ಮಗಳು ಹತ್ತನೆಯ ತರಗತಿ. ಅತ್ತ ಬೆಟಗೇರಿಯಲ್ಲಿ, ಅಪ್ಪ ತೀರಿಕೊಂಡ ಮೇಲೆ, ಅವ್ವ ಒಬ್ಬಳೇ.

ಗಂಡ ಹೆಂಡತಿ ಕೂಡಿ ಪ್ರಾರ್ಥಿಸಿದೆವು. ಉಪವಾಸವನ್ನೂ ಮಾಡಿದೆವು. ಕಡೆಗೆ, ಹೇಳಲು ನಾಚಿಕೆ, ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟು ನೋಡಿದೆವು. ಹಳ್ಳಿಯ ಗುಡಿಯಲ್ಲಿ ಬಲಗಡೆಯ ಹೂ ಬಿದ್ದೀತೇ ಎಂದು ಕಾಯುವವರಿಗೂ ನಮಗೂ ಏನು ವ್ಯತ್ಯಾಸ? ಮೂರು ಸಲವೂ ಕೀರ್ತನೆಗಳೇ ಬಂದುವು. ಬಿ.ಎಸ್‌ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದಿದ್ದ ನಮಗೆ ಆಮೇಲೆ ಹೊಳೆಯಿತು: ಬೈಬಲನ್ನು ಸರಿ ನಡುವೆ ತೆರೆದರೆ ಕೀರ್ತನೆಗಳೇ ಸಿಗುತ್ತವೆ, ಅದು ಪುಟಗಳ ಲೆಕ್ಕ!

ಗಿದ್ಯೋನನೂ ಹೀಗೆಯೇ. ದೇವರ ಅಪ್ಪಣೆ ಸ್ಪಷ್ಟವಾಗಿ ಬಂದಿದ್ದರೂ, ಕಣದಲ್ಲಿ ಉಣ್ಣೆ ಹಾಸಿ, ಒಂದು ರಾತ್ರಿ ಉಣ್ಣೆ ಮಾತ್ರ ನೆನೆಯಲಿ, ಮರುರಾತ್ರಿ ನೆಲ ಮಾತ್ರ ನೆನೆಯಲಿ ಎಂದು ಕೇಳಿದ. ಆದೇಶ ಕೈಗೆ ಬಂದ ಮೇಲೂ ಸ್ಪಷ್ಟೀಕರಣ ಬೇಡಿ ಕಡತವನ್ನು ಹಿಂದಕ್ಕೆ ಕಳಿಸುವ ನಮ್ಮ ಕಚೇರಿಯ ಪದ್ಧತಿಗೆ ಅವನೇ ಮೂಲಪುರುಷನಿರಬೇಕು.

ಆ ದಿನಗಳಲ್ಲಿ ಲಕ್ಷ್ಮೀಬಾಯಿ ತಿಲಕರ ‘ಸ್ಮೃತಿಚಿತ್ರೆ’ ಓದುತ್ತಿದ್ದೆವು. ನಾಸಿಕದ ಬಳಿಯ ಜಲಾಲಪುರದ ಹೆಣ್ಣುಮಗಳು. ಗಂಡ, ಕವಿ ನಾರಾಯಣ ವಾಮನ ತಿಲಕರಿಗೆ ರೈಲಿನಲ್ಲಿ ಒಬ್ಬ ಸಹಪ್ರಯಾಣಿಕರು ಹೊಸ ಒಡಂಬಡಿಕೆಯ ಪ್ರತಿ ಕೊಟ್ಟರು. 1895ರಲ್ಲಿ ಅವರು ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ಗಂಡನಿಗೆ ದೇವರ ಚಿತ್ತ ತಿಳಿಯಿತೆಂದು ಹೆಂಡತಿಗೂ ತಿಳಿದಂತಾಯಿತೇ? ವರ್ಷಗಟ್ಟಲೆ ಆಕೆ ಅಗಲಿದ್ದರು. ಮತ್ತೆ ಕೂಡಿದ ಮೇಲೂ ಮಡಿ ಬಿಡಲಿಲ್ಲ, ಅಡಿಗೆ ಬೇರೆ. ಜಾತಿ ಮನುಷ್ಯರು ಮಾಡಿದ್ದೆಂಬುದು ಸ್ವತಃ ಮನದಟ್ಟಾದ ದಿನ, ಇನ್ನು ಯಾರ ಕೈಯಲ್ಲಾದರೂ ಉಣ್ಣುವೆನೆಂದರು. ದೀಕ್ಷಾಸ್ನಾನ ಆಮೇಲಿನ ಮಾತು.

ಪುಸ್ತಕ ಮುಚ್ಚಿಟ್ಟಾಗ ನಮಗೆ ಕಸಿವಿಸಿಯಾಯಿತು. ಅವ್ವನ ಸಲುವಾಗಿ ಇಷ್ಟೆಲ್ಲ ಪ್ರಾರ್ಥಿಸಿದ ನಾವು ಅವ್ವನನ್ನು ಒಂದು ಮಾತು ಕೇಳಿರಲಿಲ್ಲ! ಆ ರಾತ್ರಿಯೇ ಫೋನು ಹಚ್ಚಿದೆವು.

“ಮೂರು ತಿಂಗಳು ದೇವರನ್ನ ಕೇಳಿದ್ರಿ, ನನ್ನ ಕೇಳಾಕ ಏನಾಗಿತ್ತು?” ಎಂದಳು. “ಆ ಕೂಸಿನ ಸಾಲಿ ಕೆಡಸಬ್ಯಾಡ್ರಿ. ನಾನ ಬರ್ತೀನಿ. ಆದ್ರ ಅಲ್ಲಿ ನೀರಿನ ತ್ರಾಸ ಅಂತಲ್ಲ, ಡ್ರಮ್ಮು ತುಂಬಿಸಿ ಇಡ್ರಿ.”

ವರ್ಗ ಬೇಡವೆಂದು ಬರೆದುಕೊಟ್ಟೆವು. ಮತ್ತೊಮ್ಮೆ ಸಿಕ್ಕೀತೆಂಬ ಭರವಸೆಯಿಲ್ಲ. ಅವ್ವ ಮನೆಗೆ ಬೀಗ ಹಾಕಿ, ಸೊಲ್ಲಾಪುರದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದು ಬಂದಳು. ಅವಳ ಗೆಳತಿಯರು, ಅವಳ ದೇವಾಲಯ, ಅಪ್ಪನ ಸಮಾಧಿ ಎಲ್ಲ ಅಲ್ಲೇ ಉಳಿದುವು. ಇದೇ ದೇವರ ಚಿತ್ತವಾಗಿತ್ತೆಂದು ಎದೆ ತಟ್ಟಿ ಹೇಳುವ ಧೈರ್ಯ ನಮಗಿಲ್ಲ. ಕೆಲವು ಸಂಜೆ ಅವಳು ಸುಮ್ಮನೆ ಬಾಗಿಲಲ್ಲಿ ಕುಳಿತಿರುವುದನ್ನು ಕಂಡಾಗಲಂತೂ ಇಲ್ಲ.

ಭಾನುವಾರ ಮಾತ್ರ ನಮಗಿಂತ ಮೊದಲೇ ಸಿದ್ಧಳಾಗಿರುತ್ತಾಳೆ. ಸಭೆಯೆಲ್ಲ ‘ಇಚ್ಛಾ’ ಎನ್ನುವಾಗ ಅವಳೊಬ್ಬಳು ಗಟ್ಟಿಯಾಗಿ ‘ಚಿತ್ತ’ ಎನ್ನುತ್ತಾಳೆ. ಮುಂದಿನ ಸಾಲಿನವರು ಹೊರಳಿ ನೋಡುತ್ತಾರೆ.